ತಿದ್ದಬಾರದಿದ್ದ ಸ್ವರ

೧೯೮೧ನೆಯ ಇಸವಿ. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ದಕ್ಷಿಣದ ಊರೊಂದರಲ್ಲಿದ್ದ ಚಿಕ್ಕ ಭಾಷಾ ಸಂಶೋಧನಾ ಸಂಸ್ಥೆಯಲ್ಲಿ ನಾನು ಫೀಲ್ಡ್ ಅಸಿಸ್ಟೆಂಟ್ ಆಗಿದ್ದೆ. ಆ ಸಂಸ್ಥೆ ಈಗ ಇಲ್ಲ. ನನ್ನ ಹುದ್ದೆ ತಾತ್ಕಾಲಿಕವಾಗಿತ್ತು. ಒಂದು ಕೆಲಸ ಅಚ್ಚುಕಟ್ಟಾಗಿ ಮುಗಿಸಿಕೊಟ್ಟರೆ ಕಾಯಂ ಆಗುವ ಆಸೆ ಇತ್ತು. ಆ ಕೆಲಸವೇ ನನ್ನನ್ನು ಐದು ತಿಂಗಳ ಮಟ್ಟಿಗೆ ಮರಳಿ ನನ್ನ ಸೀಮೆಗೆ ಕಳಿಸಿತು. ನಾನು ಕುಷ್ಟಗಿ ತಾಲ್ಲೂಕಿನ ಹಳ್ಳಿಯವನು. ‘ನಿಮ್ಮ ಕಡೆಯ ಜನ, ನಿಮಗೆ ಸುಲಭ’ ಎಂದು ಸಂಸ್ಥೆಯವರು ಹೇಳಿದ್ದರು. ಅದಕ್ಕಿಂತ ಕಷ್ಟದ ಜಾಗ ನನಗೆ ಇನ್ನೊಂದಿರಲಿಲ್ಲ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೆಲಸ ವಿಚಿತ್ರವಾಗಿತ್ತು. ನಮ್ಮ ಮುಖ್ಯಸ್ಥೆ ಸರೋಜಾ ಮೇಡಂ ಧ್ವನಿವಿಜ್ಞಾನದವರು. ಅವರು ಕೂತು ಒಂದು ಹೊಸ ಭಾಷೆಯನ್ನೇ ಕಟ್ಟಿದ್ದರು. ಭಾಷೆ ಎಂದರೆ ದೊಡ್ಡದೇನಲ್ಲ, ನಲವತ್ತು ಪದ. ಅದರಲ್ಲಿ ಸ್ವರಗಳು ಐದೇ: ಅ, ಇ, ಉ, ಎ, ಒ. ಎಲ್ಲವೂ ಹ್ರಸ್ವ, ದೀರ್ಘವೇ ಇಲ್ಲ. ಗಿಳಿಗೆ ‘ತಮೆ’, ಆನೆಗೆ ‘ಲುಬೊ’, ಎತ್ತಿಗೆ ‘ಪಿಲಕೆ’, ಹೀಗೆ. ಯಾರಿಗೂ ಬಾರದ ಭಾಷೆಯಾದ್ದರಿಂದ ಅದನ್ನು ಕಲಿಯುವಾಗ ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ಕಲಿಯುವವರ ಬಾಯಲ್ಲಿ ಒಂದು ಸ್ವರ ಬದಲಾಯಿತೆಂದರೆ ಅದಕ್ಕೆ ಕಾರಣ ಅವರಿಗೆ ಮೊದಲೇ ಬರುವ ಭಾಷೆ. ಮೇಡಂ ಹಿಡಿಯಹೊರಟದ್ದು ಅದನ್ನು: ಪರಿಚಯದ ಭಾಷೆ ಅಪರಿಚಿತ ಭಾಷೆಯ ಸ್ವರವನ್ನು ಯಾವ ಕಡೆಗೆ ಎಳೆಯುತ್ತದೆ?

ಇದಕ್ಕೆ ಮೂರು ಗುಂಪು. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕನ್ನಡದವರು, ಕೊಪ್ಪಳದ ಒಂದು ಓಣಿಯಲ್ಲಿ ಉರ್ದು ಮಾತಾಡುವವರು, ಗಂಗಾವತಿ ತಾಲ್ಲೂಕಿನ ಕಾರಟಗಿ ಹತ್ತಿರದ ಕ್ಯಾಂಪಿನಲ್ಲಿ ತೆಲುಗಿನವರು. ಕಾಲುವೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಭತ್ತ ಹಚ್ಚಿದವರ ಊರುಗಳಿಗೆ ನಮ್ಮಲ್ಲಿ ಕ್ಯಾಂಪ್ ಎನ್ನುತ್ತಾರೆ. ಅಕ್ಷರ ತೋರಿಸುವಂತಿಲ್ಲ, ಅನುವಾದ ಹೇಳುವಂತಿಲ್ಲ. ವಸ್ತು ತೋರಿಸಬೇಕು, ಪದ ಕೇಳಿಸಬೇಕು, ಅವರಿಂದ ಹೇಳಿಸಬೇಕು. ವಸ್ತುಗಳಿಗಾಗಿ ನಾನೇ ಕಿನ್ನಾಳಕ್ಕೆ ಹೋಗಿ ಕಟ್ಟಿಗೆಯ ಗೊಂಬೆಗಳನ್ನು ತಂದೆ. ಮೇಡಂ ಊಹೆ ಹೀಗಿತ್ತು: ಕನ್ನಡದವರು ಪದದ ಕೊನೆಯ ‘ಎ’ಯನ್ನು ‘ಇ’ ಮಾಡುತ್ತಾರೆ, ಏಕೆಂದರೆ ಇಲ್ಲಿ ಮನೆ ಮನಿಯಾಗಿ, ಶಾಲೆ ಸಾಲಿಯಾಗಿದೆ. ಉರ್ದುವಿನವರು ಅದನ್ನು ‘ಏ’ ಎಂದು ಎಳೆಯುತ್ತಾರೆ. ತೆಲುಗಿನವರು ಇದ್ದ ಹಾಗೆ ಉಳಿಸುತ್ತಾರೆ.

ನನ್ನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಎಂ.ಎ. ಓದಲು ದಕ್ಷಿಣಕ್ಕೆ ಹೋದಾಗ ಹಾಸ್ಟೆಲಿನಲ್ಲಿ ನಾನು ಬಾಯಿ ತೆರೆದರೆ ಸಾಕು, ನಗೆ. ‘ಮನಿಗೆ ಹೋಗ್ತೀಯೇನ್ರೀ?’ ಎಂದು ನನ್ನ ಮುಂದೆಯೇ ಅಣಕಿಸುವವರು. ಊಟದ ಸಾಲಿನಲ್ಲಿ ಬೇಳೆ ಬೇಕೆಂದು ಕೇಳಲು ಹೆದರಿ ಎಷ್ಟೋ ದಿನ ಬರಿ ಮಜ್ಜಿಗೆಯಲ್ಲಿ ಉಂಡು ಎದ್ದಿದ್ದೇನೆ. ಆಮೇಲೆ ಹಟ ಹಿಡಿದೆ. ಒಂದೊಂದೇ ಪದ ಹಿಡಿದು ತಿಕ್ಕಿ ತೊಳೆದೆ. ಎರಡು ವರ್ಷದಲ್ಲಿ ರೇಡಿಯೋ ವಾರ್ತೆಯ ಕನ್ನಡ ನನ್ನದಾಯಿತು. ಕುಷ್ಟಗಿಯವನೆಂದು ಹೇಳಿದರೆ ಜನ ನಂಬುತ್ತಿರಲಿಲ್ಲ, ಅವರು ನಂಬದಿದ್ದಾಗ ನನಗೆ ಒಳಗೊಳಗೇ ಹಿಗ್ಗು.

ಕಲಿಸುವ ವಿಧಾನದಲ್ಲಿ ಮೇಡಂ ಒಂದು ಕಟ್ಟುನಿಟ್ಟು ಮಾಡಿದ್ದರು. ನಲವತ್ತೂ ಪದಗಳನ್ನು ತಮ್ಮ ಧ್ವನಿಯಲ್ಲಿ ಟೇಪ್ ಮಾಡಿ ಕೊಟ್ಟಿದ್ದರು. ‘ಕಲಿಸೋದು ಟೇಪು, ನೀವಲ್ಲ. ನಿಮ್ಮ ಬಾಯಿ ಮುಚ್ಚಿಕೊಂಡಿರಲಿ’ ಎಂದಿದ್ದರು. ಆದರೆ ಹಳ್ಳಿಯ ಗುಡಿಕಟ್ಟೆಯಲ್ಲಿ ಕರೆಂಟ್ ಎಲ್ಲಿಂದ ಬರಬೇಕು? ಟೇಪ್ ರೆಕಾರ್ಡರಿಗೆ ಆರು ಸೆಲ್ಲು ಬೇಕು. ಮೊದಲ ವಾರವೇ ಸೆಲ್ಲಿನ ಕಸುವು ಇಳಿದು ಮೇಡಂ ಧ್ವನಿ ಗಂಡಸಿನ ಧ್ವನಿಯಂತಾಗಿ ಎಳೆಯತೊಡಗಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಕಚೇರಿಗೆ ಬರೆದು ಹೊಸ ಸೆಲ್ಲು ತರಿಸಬಹುದಿತ್ತು. ಗಂಗಾವತಿಯಲ್ಲಿ ನಾನೇ ಕೊಳ್ಳಬಹುದಿತ್ತು. ಎರಡನ್ನೂ ಮಾಡಲಿಲ್ಲ. ಇದ್ದ ಹೊಸ ಸೆಲ್ಲುಗಳನ್ನು ಪರೀಕ್ಷೆಯ ದಿನ ಅವರ ಧ್ವನಿ ಹಿಡಿಯಲು ಎತ್ತಿಟ್ಟು, ಪಾಠವನ್ನು ನನ್ನ ಬಾಯಲ್ಲೇ ಮಾಡಿದೆ. ಸೆಲ್ಲು ಒಂದು ನೆಪ. ನಿಜವೆಂದರೆ, ಒಂದು ಭಾಷೆಗೆ ಮಾದರಿಯಾಗುವಷ್ಟು ನನ್ನ ಉಚ್ಚಾರ ಶುದ್ಧವಾಗಿದೆ ಎಂಬ ಸೊಕ್ಕು ನನಗಿತ್ತು. ಯಾರ ಉಚ್ಚಾರಕ್ಕೆ ಹಾಸ್ಟೆಲ್ ನಕ್ಕಿತ್ತೋ ಅವನು ಈಗ ಮಾದರಿ. ಈ ರುಚಿ ಬಿಡುವುದು ಸುಲಭವಲ್ಲ.

ಯಲಬುರ್ಗಾದ ಗುಂಪು ಅದ್ಭುತವಾಗಿ ಕಲಿಯಿತು. ಹನುಮಪ್ಪ ಎಂಬ ಹಿರಿಯ ರೈತರಂತೂ ಗೊಂಬೆ ಎತ್ತುವುದೇ ತಡ, ಪದ ಹೇಳಿಬಿಡುತ್ತಿದ್ದರು. ನಾನು ಮೆಚ್ಚಿದಾಗ ಅವರಿಗೆ ನಾಚಿಕೆ.

‘ಇದರಾಗ ಏನೈತ್ರಿ ಸಾಹೇಬ್ರ? ನೀವು ಹೆಂಗ ಅಂತೀರಿ, ನಾವೂ ಹಂಗ ಅಂತೇವಿ. ನಮ್ಮ ಮನ್ಯಾಗ ಮಾತಾಡಿದಂಗ ಐತಿ’ ಎಂದರು.

ಇವರೆಲ್ಲ ಕೊನೆಯ ಸ್ವರದಲ್ಲಿ ಎಡವಬೇಕಿತ್ತು. ಯಾರೂ ಎಡವಲಿಲ್ಲ. ಹಾಳೆಯಲ್ಲಿ ಸಾಲುಸಾಲು ‘ಸರಿ’ ಎಂದು ಗುರುತು ಹಾಕುತ್ತ, ನಮ್ಮ ಕಡೆಯವರು ಮೇಡಂ ಊಹೆಯನ್ನೇ ಬುಡಮೇಲು ಮಾಡಿದರಲ್ಲ ಎಂದು ಬೀಗಿದೆ. ಕೊಪ್ಪಳದ ಓಣಿಯಲ್ಲಿ ಮೊದಮೊದಲು ಸ್ವರ ಎಳೆದರು. ನಾನು ತಿದ್ದಿದಂತೆ ಅವರೂ ದಾರಿಗೆ ಬಂದರು.

ಕ್ಯಾಂಪಿನಲ್ಲಿ ಕಲಿಯಲು ಬಂದವರಲ್ಲಿ ಪದ್ಮಾವತಿ ಎಂಬ ಸೊಸೆ ಇದ್ದಳು. ಇಪ್ಪತ್ತೆರಡು ಇರಬಹುದು. ತೆಲುಗಿನಲ್ಲಿ ಹತ್ತನೆಯ ತರಗತಿ ಪಾಸಾಗಿ ಮದುವೆಯಾಗಿ ಬಂದವಳು. ಕನ್ನಡ ಓದಲು ಬಾರದ್ದರಿಂದ ಆ ಪಾಸು ಇಲ್ಲಿ ಯಾವ ಕೆಲಸಕ್ಕೂ ಬಾರದು. ಆದರೆ ನಾಟಿಗೆ ಬರುವ ಹೆಂಗಸರ ಜೊತೆ, ಕಾರಟಗಿ ಸಂತೆಯ ವ್ಯಾಪಾರಿಗಳ ಜೊತೆ ಎಗ್ಗಿಲ್ಲದೆ ಕನ್ನಡ ಮಾತಾಡಿ ಕಲಿತುಬಿಟ್ಟಿದ್ದಳು. ನಾನು ಹೋದ ದಿನವೇ ಬಾಗಿಲಿಗೆ ಬಂದು, ‘ಬರ್ರಿ ಸಾರ್, ಯಾ ಊರು? ಊಟ ಆತಾ? ಏನ್ ಭಾಷಿ ಕಲಸ್ತೀರಿ, ಅದು ಯಾರ ದೇಶದ್ದು?’ ಎಂದು ಒಂದೇ ಉಸಿರಿಗೆ ಕೇಳಿದಳು. ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ಧೈರ್ಯ.

ಯೋಜನೆಯ ಮುಂದಿನ ಹಂತಕ್ಕೆ ಕ್ಯಾಂಪುಗಳಲ್ಲಿ ಒಬ್ಬ ಸ್ಥಳೀಯ ಸಹಾಯಕಿ ಬೇಕಾಗಿದ್ದಳು. ಒಂದು ವರ್ಷದ ಕೆಲಸ, ತಿಂಗಳ ಸಂಬಳ. ಕಲಿತವರಲ್ಲೇ ಚೆನ್ನಾಗಿ ಉಚ್ಚರಿಸುವವರನ್ನು ಆರಿಸಬೇಕು. ಇದನ್ನು ಹೇಳಿದ ದಿನದಿಂದ ಪದ್ಮಾವತಿ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಿದ್ದಳು. ಅವಳ ಅತ್ತೆ ಸುಬ್ಬಮ್ಮನಿಗೆ ಇದು ಹಿಡಿಸಿರಲಿಲ್ಲ. ‘ಯಾರೂ ಮಾತಾಡಲಾರದ ಭಾಷಿ ಕಲ್ತು ಏನ್ ಮಾಡ್ತಿ?’ ಎಂದು ಗೊಣಗುತ್ತಿದ್ದರು. ‘ಕೆಲಸ ಮಾಡ್ತೀನತ್ತಾ’ ಎನ್ನುವುದು ಸೊಸೆಯ ಉತ್ತರ.

ಕ್ಯಾಂಪಿನ ಮೊದಲ ಪಾಠದಲ್ಲಿ ಮಾತ್ರ ಕಸುವಿಳಿದ ಸೆಲ್ಲಿನಲ್ಲೇ ಟೇಪನ್ನು ಒಮ್ಮೆ ಕೇಳಿಸಿದ್ದೆ. ಎರಡನೆಯ ಪಾಠದ ದಿನ ನಾನು ಗಿಳಿ ಎತ್ತಿ ಹಿಡಿದು ಪದ ಹೇಳಿದೆ. ಅವಳು ಹೇಳಿದಳು. ನನಗೆ ಅದು ಅಗಲವಾಗಿ, ಬಾಯಿ ತೆರೆದು ಹೇಳಿದಂತೆ ಕೇಳಿಸಿತು.

‘ತಪ್ಪು. ಬಾಯಿ ಅಷ್ಟು ತೆರೆಯಬೇಡಿ. ಇನ್ನೊಮ್ಮೆ.’

ಇನ್ನೊಮ್ಮೆ ಹೇಳಿದಳು. ಅದೇ.

‘ತಪ್ಪು.’

ಉಳಿದವರು ನಕ್ಕರು. ಅವಳೂ ನಕ್ಕಳು. ಪಿಲಕೆಯಲ್ಲೂ ಅದೇ ಆಯಿತು. ನಾನು ಬಿಡಲಿಲ್ಲ. ಪಾಠ ಮುಗಿಯುವ ಹೊತ್ತಿಗೆ ಅವಳ ನಗು ನಿಂತಿತ್ತು. ಮುಂದಿನ ಪಾಠಗಳಲ್ಲಿ ಅವಳು ನನ್ನ ತುಟಿಯನ್ನೇ ದಿಟ್ಟಿಸಿ, ಹೇಳುವ ಮೊದಲು ಒಂದು ಕ್ಷಣ ತಡೆದು, ಸಣ್ಣ ದನಿಯಲ್ಲಿ ಹೇಳತೊಡಗಿದಳು. ಒಮ್ಮೆ ನನ್ನ ಹಾಗೆ, ಒಮ್ಮೆ ತನ್ನ ಹಾಗೆ. ಕ್ಯಾಂಪಿನ ಉಳಿದವರು ಅಷ್ಟರಲ್ಲಿ ನನ್ನ ದಾರಿ ಹಿಡಿದಿದ್ದರು. ಅವಳ ಹೆಸರಿನ ಮುಂದೆ ನಾನು ‘ಅಸ್ಥಿರ’ ಎಂದು ಬರೆದೆ. ಉಚ್ಚಾರ ಒಂದೇ ತೆರ ನಿಲ್ಲದವರಿಗೆ ನಮ್ಮ ವೃತ್ತಿಯಲ್ಲಿ ಆ ಪದ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪ್ರಶ್ನೆಗಳು ಯಾವಾಗ ನಿಂತವೋ ನಾನು ಗಮನಿಸಲಿಲ್ಲ. ವಿದ್ಯಾರ್ಥಿನಿ ಗಂಭೀರಳಾದಳು ಎಂದುಕೊಂಡೆ.

ಪರೀಕ್ಷೆಯ ಟೇಪುಗಳೆಲ್ಲ ಸಿದ್ಧವಾದ ಮೇಲೆ ಸರೋಜಾ ಮೇಡಂ ಬಂದರು. ಕೊಪ್ಪಳದ ಪ್ರವಾಸಿ ಮಂದಿರದಲ್ಲಿ ಟೇಬಲ್ಲಿನ ಮೇಲೆ ರೆಕಾರ್ಡರ್ ಇಟ್ಟುಕೊಂಡು ಬೆಳಗಿನಿಂದ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಅವರ ಮುಖ ಅರಳಿತ್ತು.

‘ನೋಡಿ, ಮೂರೂ ಗುಂಪಿನಲ್ಲಿ ಕೊನೆಯ ಎ ಹೋಗಿ ಇ ಬಂದಿದೆ! ಉರ್ದುವಿನವರಲ್ಲೂ, ತೆಲುಗಿನವರಲ್ಲೂ. ಅಂದರೆ ಮಾತೃಭಾಷೆಗಿಂತ ಈ ಪ್ರದೇಶದ ಭಾಷೆಯೇ ಬಲವಾಗಿದೆ. ಇದು ನಾನು ನಿರೀಕ್ಷಿಸದೇ ಇದ್ದದ್ದು.’

ಆಮೇಲೆ ನನ್ನ ಹಾಳೆಗಳನ್ನು ತಿರುವಿದರು. ‘ಆದರೆ ಇವನ್ನೆಲ್ಲ ನೀವು ಸರಿ ಅಂತ ಗುರುತು ಹಾಕಿದ್ದೀರಲ್ಲ?’

‘ಗದ್ದಲ ಇತ್ತು ಮೇಡಂ, ಸರಿಯಾಗಿ ಕೇಳಿಸಿರಲಿಕ್ಕಿಲ್ಲ’ ಎಂದೆ. ಅದು ಸುಳ್ಳು. ಗದ್ದಲ ಎಲ್ಲಿಯೂ ಇರಲಿಲ್ಲ.

ಎಲ್ಲರಲ್ಲೂ ಬದಲಾದ ಸ್ವರ ಪದ್ಮಾವತಿಯಲ್ಲಿ ಮಾತ್ರ ಅರ್ಧಕ್ಕರ್ಧ ಉಳಿದಿತ್ತು. ಇವಳನ್ನೊಮ್ಮೆ ಕಣ್ಣಾರೆ ನೋಡಿ, ಕಿವಿಯಾರೆ ಕೇಳಬೇಕು ಎಂದು ಮೇಡಂ ಹಟ ಹಿಡಿದರು. ಮರುದಿನ ಜೀಪಿನಲ್ಲಿ ಕ್ಯಾಂಪಿಗೆ ಹೋದೆವು. ಸುಬ್ಬಮ್ಮ ಮಜ್ಜಿಗೆ ಕೊಟ್ಟರು. ಪದ್ಮಾವತಿ ಹೊಸ ಸೀರೆ ಉಟ್ಟು ಕೈಕಟ್ಟಿ ಕುಳಿತಳು. ದೊಡ್ಡ ಮೇಡಂ ಬಂದಿದ್ದಾರೆಂದರೆ ಇದು ಕೆಲಸದ ಆಯ್ಕೆಯೇ ಎಂದು ಅವಳು ತಿಳಿದಿದ್ದಳು. ತಪ್ಪೇನೂ ಅಲ್ಲ. ಮೇಡಂ ತಾವೇ ತಂದ ಹೊಸ ಸೆಲ್ಲು ಹಾಕಿ, ತಮ್ಮ ಮಾದರಿ ಟೇಪು ಹಚ್ಚಿದರು. ‘ತಮೆ’ ಎಂದಿತು ಟೇಪು. ಸ್ಪಷ್ಟವಾಗಿ, ಅಗಲವಾಗಿ. ‘ಪಿಲಕೆ’ ಎಂದಿತು.

ಪದ್ಮಾವತಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಹಳೆಯ ಬೆಳಕು ಕಂಡಿತು. ‘ಸಾರ್, ಈ ಅಮ್ಮ ಅನ್ನೋದು ಬ್ಯಾರೆ ಐತಲ್ಲ! ನಾನು ಮೊದಲ ಅಂತಿದ್ದೆ ನೋಡ್ರಿ, ಹಂಗ ಐತಿ. ನೀವು…’

ಅಲ್ಲಿಗೆ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

‘ಯಾವುದು ಬೇರೆ?’ ಎಂದರು ಮೇಡಂ.

‘ಏನಿಲ್ಲ ಮೇಡಂ. ಸಾರ್ ಇದನ್ನ ಹೇಳಿ ಕೊಟ್ಟಿದ್ರು. ಸರಿ ಕಲಸಿದ್ರು. ನನಗ ಬರಲಿಲ್ಲ’ ಎಂದಳು ತಲೆ ತಗ್ಗಿಸಿ.

ಮೇಲಧಿಕಾರಿಯ ಮುಂದೆ ನನ್ನ ಮರ್ಯಾದೆ ಹೋಗಬಾರದೆಂದು ಆ ಹುಡುಗಿ ತನ್ನದನ್ನು ಕಳೆದುಕೊಂಡಳು. ನಾನು ಕಿನ್ನಾಳದ ಗೊಂಬೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತ ಕೂತೆ.

ಜೀಪು ಗಂಗಾವತಿ ದಾಟಿದ ಮೇಲೆ ಮೇಡಂ ಹೇಳಿದರು: ‘ಆ ಹುಡುಗಿ ಬೇಡ. ಚುರುಕಾಗಿದ್ದಾಳೆ, ಆದರೆ ಕ್ಷಣಕ್ಕೊಂದು ಮಾತು ಬದಲಾಯಿಸ್ತಾಳೆ. ಇಂಥವರನ್ನ ನಂಬಿ ಡೇಟಾ ತೆಗೆಯೋಕಾಗಲ್ಲ. ಬೇರೆಯವರನ್ನ ನೋಡೋಣ.’ ಕೊಪ್ಪಳ ಬರುವವರೆಗೂ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಸುಮ್ಮನಿದ್ದರೆ ಮೇಡಂಗೆ ಹೊಸ ಶೋಧ, ನನಗೆ ಕಾಯಂ ಕೆಲಸ. ಅವಳ ಹೆಸರು ಒಂದೇ ಅಡ್ಡಿ, ಅದನ್ನೂ ಹೊಡೆದುಹಾಕಿದ್ದಾಯಿತು. ಆ ಹಾದಿಯಲ್ಲಿ ನನಗೆ ನನ್ನ ಮೇಲೆ ಹುಟ್ಟಿದ ಹೇಸಿಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಪ್ರವಾಸಿ ಮಂದಿರದ ಜಗಲಿಯಲ್ಲಿ ಇಳಿದವನೇ, ‘ಮೇಡಂ, ಹತ್ತು ಪದ ನನ್ನ ಧ್ವನಿಯಲ್ಲಿ ಟೇಪ್ ಮಾಡಿ ಕೇಳಿ’ ಎಂದೆ. ಅವರು ಯಾಕೆಂದು ಕೇಳದೆ ರೆಕಾರ್ಡರ್ ತೆರೆದರು. ಪದಗಳ ಹಾಳೆ ಎದುರಿಗಿಟ್ಟುಕೊಂಡು ಎಚ್ಚರಿಕೆಯಿಂದ ಓದಿದೆ. ಅವರು ಟೇಪು ಹಿಂದಕ್ಕೆ ಓಡಿಸಿ ಹಚ್ಚಿದರು.

‘ತಮಿ’ ಎಂದಿತು ಟೇಪು. ‘ಪಿಲಕಿ’ ಎಂದಿತು.

ಹಾಳೆಯಲ್ಲಿ ‘ತಮೆ’ ಎಂದಿದೆ. ನಾನು ‘ತಮೆ’ ಎಂದೇ ಹೇಳಿದ್ದೇನೆಂದು ನನ್ನ ಕಿವಿ ಆಣೆ ಮಾಡುತ್ತಿತ್ತು. ಮನೆ ಎಂದು ಬರೆದು ಮನಿ ಎಂದು ಓದುವ ಊರಿನಲ್ಲಿ ಅಕ್ಷರ ಕಲಿತವನು ನಾನು. ಹಾಸ್ಟೆಲಿನಲ್ಲಿ ನಾನು ತೊಳೆದದ್ದು ಕನ್ನಡದ ಪದಗಳನ್ನು ಮಾತ್ರ, ಯಾವುದಕ್ಕೆ ನಕ್ಕರೋ ಅದನ್ನು. ಹೊಸ ಭಾಷೆಯ ಪದಗಳಿಗೆ ಇನ್ನೂ ಯಾರೂ ನಕ್ಕಿರಲಿಲ್ಲ. ಅದಕ್ಕೇ ನನ್ನ ನಾಲಗೆ ನೇರವಾಗಿ ಕುಷ್ಟಗಿಗೆ ಹೋಗಿ ಕೂತಿತ್ತು. ಮೂರು ತಾಲ್ಲೂಕುಗಳಲ್ಲಿ ನಾನು ಕಲಿಸಿದ್ದು ನನ್ನ ಅವ್ವನ ಸ್ವರ. ಯಲಬುರ್ಗಾದವರು ತಮ್ಮ ಮನೆಯ ಮಾತಿನ ಹಾಗಿದೆ ಎಂದದ್ದು ಸುಮ್ಮನೆ ಅಲ್ಲ.

‘ಟೇಪು ಯಾಕೆ ಹಾಕಲಿಲ್ಲ?’ ಎಂದರು ಮೇಡಂ.

‘ಸೆಲ್ಲು ಮುಗಿದಿತ್ತು.’ ಮತ್ತೆ ನಾನೇ ತಿದ್ದಿಕೊಂಡೆ. ‘ಸೆಲ್ಲು ಕಾರಣ ಅಲ್ಲ ಮೇಡಂ. ನನ್ನ ಉಚ್ಚಾರ ಸಾಕು ಅನ್ನಿಸಿತ್ತು. ಆ ಹುಡುಗಿ ಮೊದಲೇ ಸರಿ ಹೇಳಿದ್ದಳು. ನಾನೇ ತಪ್ಪು ಅಂತ ತಿದ್ದಿದೆ. ಅವಳಿಗೆ ಆ ಕೆಲಸ ಕೊಡಿ.’

ಅವರು ಟೇಪನ್ನು ಹೊರತೆಗೆದು ರೆಕಾರ್ಡರ್ ಮುಚ್ಚಿದರು. ಬೈದಿದ್ದರೆ ಹಗುರಾಗುತ್ತಿತ್ತು. ‘ಯಾವ ಕೆಲಸ ಕೊಡಲಿ?’ ಎಂದರು ಕೊನೆಗೆ. ‘ಟೇಪುಗಳೆಲ್ಲ ಹೋದವು. ಮತ್ತೆ ಇಲ್ಲೇ ಮಾಡೋಕೂ ಆಗಲ್ಲ, ಈ ಜನರ ಕಿವಿಗೆ ಆ ಪದಗಳು ಬಿದ್ದಾಗಿದೆ. ಬೇರೆ ಜಿಲ್ಲೆಯಲ್ಲಿ ಹೊಸದಾಗಿ ಶುರು ಮಾಡಬೇಕು. ಇಲ್ಲಿಯ ಮುಂದಿನ ಹಂತವೇ ಇಲ್ಲ.’

ಮೇಡಂ ಮರುದಿನದ ರೈಲಿಗೆ ಹೊರಟರು. ನಾನು ಅವರನ್ನು ಹತ್ತಿಸಿ ಕಾರಟಗಿ ಬಸ್ಸು ಹಿಡಿದೆ. ಹೋಗಿ ಏನು ಹೇಳಬೇಕೆಂದು ಹಾದಿಯುದ್ದಕ್ಕೂ ಒಳ್ಳೊಳ್ಳೆಯ ವಾಕ್ಯಗಳನ್ನು ಜೋಡಿಸಿಕೊಂಡೆ. ಕ್ಯಾಂಪಿನ ಹೆಂಗಸರು ಕಣದಲ್ಲಿ ಭತ್ತ ತೂರುತ್ತಿದ್ದರು. ಎಲ್ಲರಿಗೂ ಕೇಳುವಂತೆಯೇ ಹೇಳಬೇಕೆಂದು ನಿಂತೆ, ಏಕೆಂದರೆ ಎಲ್ಲರೆದುರಿಗೇ ಅವಳನ್ನು ತಿದ್ದಿದ್ದೆ. ಜೋಡಿಸಿಕೊಂಡ ವಾಕ್ಯ ಒಂದೂ ಬರಲಿಲ್ಲ.

‘ತಪ್ಪು ನಂದ ಐತ್ರಿ. ಪದ್ಮಾವತಿ ಅಂದದ್ದು ಸರಿ ಇತ್ತು. ನನಗ ಬರತಿರಲಿಲ್ಲ. ನಿಮಗೆಲ್ಲಾರಿಗೂ ನಾ ತಪ್ಪ ಕಲಸಿನಿ. ಕೆಲಸಾನೂ ಇಲ್ಲ ಈಗ, ನನ್ನಿಂದ ಹೋತು.’

ಭತ್ತ ತೂರುತ್ತಿದ್ದ ಮೊರಗಳು ನಿಂತವು. ಸುಬ್ಬಮ್ಮ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ಕೇಳಿದರು: ‘ಅಂದ್ರ ಇಷ್ಟ ದಿನ ನಿಮ್ಮೂರ ಮಾತು ಕಲಿಸಿದ್ರಾ? ಅದಕ್ಕ ಜೀಪು, ಮಿಷನ್ನು, ಗೊಂಬಿ ಎಲ್ಲಾ ಬೇಕಿತ್ತಾ?’

ಹೆಂಗಸರು ನಕ್ಕರು. ನಗಲಿ ಎಂದು ನಿಂತಿದ್ದೆ. ಪದ್ಮಾವತಿ ನಗಲಿಲ್ಲ. ನಾನು ಅವಳ ಕಡೆ ತಿರುಗಿ, ‘ಏನರ ಅನ್ರಿ, ಬೈಯ್ರಿ ಬೇಕಾದ್ರ’ ಎಂದೆ. ಅವಳು ನನ್ನನ್ನು ನೋಡದೆ ಅತ್ತೆಯ ಕಡೆ ವಾಲಿ, ತೆಲುಗಿನಲ್ಲಿ ಮೆಲ್ಲಗೆ ಏನೋ ಹೇಳಿ, ಮೊರ ಎತ್ತಿಕೊಂಡು ಕಣದ ಆಚೆಗೆ ಹೋದಳು.

ಸುಬ್ಬಮ್ಮನ ದನಿಯಲ್ಲಿ ಈಗ ಕೊಂಕು ಇರಲಿಲ್ಲ. ‘ತನಗ ಕನ್ನಡ ಬರಂಗಿಲ್ಲ ಅಂತ ಹೇಳು ಅಂದ್ಲು ಸಾರ್. ಈಗೀಗ ಸಂತಿಗೂ ಬರಂಗಿಲ್ಲ ಅಂತಾಳ. ಮಂದಿ ನಗತಾರಂತ.’

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮೇಡಂ ಹೇಳಿ ಉಳಿಸಿದರು, ಕಾಯಂ ಆಗಲು ಇನ್ನೂ ಕೆಲವು ವರ್ಷ ಹಿಡಿಯಿತು, ನಿವೃತ್ತಿಯೂ ಆಯಿತು. ಹೊಸಬರಿಗೆ ತರಬೇತಿ ಕೊಡುವಾಗಲೆಲ್ಲ ಮೊದಲ ದಿನ ಅವರ ಧ್ವನಿಯನ್ನೇ ಟೇಪ್ ಮಾಡಿ ಅವರಿಗೇ ಕೇಳಿಸುತ್ತಿದ್ದೆ. ಒಬ್ಬರ ಬಾಯಿ ತಿದ್ದುವ ಮೊದಲು ನಮ್ಮ ಕಿವಿಯನ್ನು ಅನುಮಾನಿಸಬೇಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಆದರೆ ಪಾಠ ಕಲಿತವನು ನಾನು, ಅದಕ್ಕೆ ಬೆಲೆ ತೆತ್ತವಳು ಬೇರೆ. ಹಾಸ್ಟೆಲಿನಲ್ಲಿ ನನಗೆ ಹಚ್ಚಿದ ನಾಚಿಕೆಯನ್ನು ನಾನು ಹೊತ್ತೊಯ್ದು, ನಾಚಿಕೆಯೇ ಗೊತ್ತಿಲ್ಲದ ಒಬ್ಬ ಹುಡುಗಿಗೆ ಹಚ್ಚಿ ಬಂದೆ. ಅವಳಿಗೆ ಕನ್ನಡ ಬರುತ್ತಿತ್ತು. ನಾನು ಹೋಗುವವರೆಗೂ ಬರುತ್ತಿತ್ತು.